ಬಾವಿಗೆ ಇಂಧನ ಸೇರಿದರೆ: ಕರಾವಳಿಯ ಅಂತರ್ಜಲವನ್ನು ಸೂಕ್ಷ್ಮಾಣುಗಳ ನೆರವಿನಿಂದ ಶುದ್ಧಗೊಳಿಸುವ ಸಮಗ್ರ ಮಾರ್ಗದರ್ಶಿ

ಉಡುಪಿ ಕಡೆಯ ಒಂದು ಮನೆಯ ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ ಪೆಟ್ರೋಲ್ ವಾಸನೆ ಬರತೊಡಗಿತ್ತು. ನಾನು ಅಲ್ಲಿಗೆ ಹೋದದ್ದು ಆಟಿಯ, ಅಂದರೆ ಜುಲೈ–ಆಗಸ್ಟ್‌ನ ಮಳೆಯಲ್ಲಿ. ನೀರು ಕಟ್ಟೆಗಿಂತ ಎರಡೇ ಮೀಟರ್ ಕೆಳಗಿತ್ತು, ವಾಸನೆ ಇರಲಿಲ್ಲ. "ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಯಿತು, ಇನ್ನು ಕುಡಿಯಬಹುದಲ್ಲವೇ?" ಎಂದು ಮನೆಯ ಹಿರಿಯಮ್ಮ ಕೇಳಿದರು. ಪ್ರಯೋಗಾಲಯದ ವರದಿಯಲ್ಲೂ ಹೆಚ್ಚೇನು ಕಾಣದ ಕಾರಣ ನಾನು ಹೌದೆಂದೆ. ಮುಂದಿನ ಮಾರ್ಚ್‌ನಲ್ಲಿ ನೀರು ತಳಕ್ಕಿಳಿದಾಗ ಅದೇ ವಾಸನೆ ಮರಳಿ ಬಂತು. ಅಷ್ಟು ದಿನ ಆ ಮನೆಯವರು ಆ ನೀರನ್ನೇ ಕುಡಿದಿದ್ದರು. ಆ ತಪ್ಪು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಕರಾವಳಿಯ ಬಾವಿಯನ್ನು ಆಗಸ್ಟ್‌ನಲ್ಲಿ ನೋಡಿ ತೀರ್ಪು ಕೊಡಬಾರದು, ಮೇ ತಿಂಗಳಲ್ಲಿ ನೋಡಿ ಕೊಡಬೇಕು. ಈ ಮಾರ್ಗದರ್ಶಿಯ ಪ್ರತಿಯೊಂದು ಹಂತವೂ ಈ ನಿಯಮದ ಸುತ್ತಲೇ ಇದೆ.

ಮಂಗಳೂರಿನ ಪಣಂಬೂರು ಬಂದರಿನಿಂದ ಹೊರಡುವ ಟ್ಯಾಂಕರುಗಳು ರಾಷ್ಟ್ರೀಯ ಹೆದ್ದಾರಿ 66 ಮತ್ತು 75ರಲ್ಲಿ ಹಗಲಿರುಳು ಓಡಾಡುತ್ತವೆ. ಹೆದ್ದಾರಿಯುದ್ದಕ್ಕೂ ಪೆಟ್ರೋಲ್ ಬಂಕ್‌ಗಳು, ಬಸ್ ಗ್ಯಾರೇಜುಗಳು, ವಸತಿ ಸಮುಚ್ಚಯಗಳ ಜನರೇಟರ್ ಟ್ಯಾಂಕ್‌ಗಳು, ಮೀನುಗಾರಿಕಾ ಬಂದರುಗಳ ಡೀಸೆಲ್ ದಾಸ್ತಾನುಗಳು ಇವೆ. ಅವುಗಳ ಪಕ್ಕದಲ್ಲೇ ಮನೆಗೊಂದು ತೆರೆದ ಬಾವಿ. ಈಗಿನ ಬಿಎಸ್-6 (ವಾಹನ ಹೊಗೆಯ ಮಾನದಂಡ) ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಿಷವಸ್ತುವಿನ ಪ್ರಮಾಣ ಶೇ 1ನ್ನು ಮೀರುವಂತಿಲ್ಲ. ಆ ಶೇ 1 ಎಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.8 ಗ್ರಾಂ. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಲೆಕ್ಕ ಹಾಕಿ ನೋಡಿ: ಒಂದೇ ಲೀಟರ್ ಪೆಟ್ರೋಲ್ 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಲುಪಿಸಬಲ್ಲದು. ಮೂರು ಮೀಟರ್ ಅಗಲದ, ಮೂರು ಮೀಟರ್ ನೀರಿರುವ ನಲವತ್ತು ಬಾವಿಗಳಷ್ಟು ನೀರು ಅದು.

ಸಮಾಧಾನದ ಸಂಗತಿಯೂ ಇದೆ. ಈ ಇಂಧನವನ್ನು ತಿಂದು ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನಾಗಿ ಮಾಡುವ ಬ್ಯಾಕ್ಟೀರಿಯಾಗಳು ನಮ್ಮ ಮಣ್ಣಿನಲ್ಲಿ ಈಗಾಗಲೇ ಇವೆ. ಸ್ಯೂಡೊಮೊನಾಸ್, ರೋಡೊಕಾಕಸ್, ಅಸಿನೆಟೊಬ್ಯಾಕ್ಟರ್ ಕುಲದ ಈ ಜೀವಿಗಳಿಗೆ ಕೊರತೆಯಾಗುವುದು ಮುಖ್ಯವಾಗಿ ಆಮ್ಲಜನಕ. 1972ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆಂಬ್ಲರ್ ಎಂಬಲ್ಲಿ ಪೈಪ್‌ಲೈನಿನಿಂದ ಸೋರಿದ ಪೆಟ್ರೋಲನ್ನು ರಿಚರ್ಡ್ ರೇಮಂಡ್ ಮತ್ತು ಸಂಗಡಿಗರು ನೆಲದೊಳಗೆ ಗಾಳಿಯನ್ನೂ ಪೋಷಕಾಂಶಗಳನ್ನೂ ಕೊಟ್ಟು ಹೀಗೆಯೇ ನಿಭಾಯಿಸಿದರು. ಆ ವಿಧಾನದ ತಿರುಳು ಇಂದಿಗೂ ಅದೇ. ಕರಾವಳಿಯ ಅಂತರ್ಜಲ ವರ್ಷವಿಡೀ 27–28 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುವುದರಿಂದ, ಶೀತ ದೇಶಗಳಿಗಿಂತ ನಮ್ಮಲ್ಲಿ ಈ ಜೀವಿಗಳು ಚುರುಕಾಗಿ ಕೆಲಸ ಮಾಡುತ್ತವೆ.

ಮೊದಲ ದಿನ ಮಾಡಬೇಕಾದದ್ದು

ಬಾವಿಗೆ ಯಾರೂ ಇಳಿಯಬಾರದು. ನಮ್ಮಲ್ಲಿ ಬಾವಿಯ ಕೆಸರು ತೆಗೆಯುವ ಮುನ್ನ ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಅದು ಆರುವುದೋ ಇಲ್ಲವೋ ಎಂದು ನೋಡುವ ರೂಢಿ ಇದೆ. ಗಾಳಿಯ ಕೊರತೆ ತಿಳಿಯಲು ಅದು ಹಿರಿಯರು ಕಂಡುಕೊಂಡ ಉಪಾಯ. ಇಂಧನ ಸೇರಿದ ಬಾವಿಯಲ್ಲಿ ಅದೇ ದೀಪ ಸ್ಫೋಟಕ್ಕೆ ಕಾರಣವಾಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಬಾವಿಯ ತಳದಲ್ಲಿ ಕೂತುಬಿಡುತ್ತದೆ; ಗಾಳಿಯಲ್ಲಿ ಅದು ಶೇ 1.4ರಷ್ಟಿದ್ದರೂ ಕಿಡಿ ತಗುಲಿದರೆ ಸಾಕು. ಪಂಪಿನ ಸ್ವಿಚ್ ಕೂಡ ಮುಟ್ಟಬೇಡಿ, ವಿದ್ಯುತ್ತನ್ನು ದೂರದ ಮುಖ್ಯ ಸ್ವಿಚ್‌ನಲ್ಲೇ ತೆಗೆಯಿರಿ.

ನೀರನ್ನು ಕುದಿಸಿ ಕುಡಿಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಕೂಡದು. ಕುದಿಸಿದಾಗ ಬೆಂಜೀನ್ ನೀರಿನಿಂದ ಹೊರಟು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನು ಅಡುಗೆ ಮಾಡುವವರು ಉಸಿರಾಡುತ್ತಾರೆ. ಬಚ್ಚಲಿನ ಹಂಡೆಯಲ್ಲಿ ಕಾಯಿಸಿ ಸ್ನಾನ ಮಾಡಿದರೂ ಅದೇ ಕಥೆ. ಬೆಂಜೀನ್ ರಕ್ತದ ಕ್ಯಾನ್ಸರ್ ತರುವ ವಸ್ತು. ಹಾಗಾಗಿ ಪಂಚಾಯಿತಿಗೋ ನಗರಸಭೆಗೋ ತಿಳಿಸಿ, ಬದಲಿ ನೀರಿನ ವ್ಯವಸ್ಥೆಯನ್ನು ಅಂದೇ ಕೇಳಿರಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಎತ್ತಿ ಹಿಡಿದಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಅದು ಇದೆ. ನಮ್ಮ ಭಾಗಕ್ಕೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ. ಆ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡಿ. ಮುಂದಿನ ಎರಡು ಮೂರು ವರ್ಷಗಳ ಖರ್ಚು ಅದರ ಮೇಲೆ ನಿಂತಿದೆ.

ಇಂಧನವೋ, ಕಬ್ಬಿಣದ ಪೊರೆಯೋ

ಮುರಕಲ್ಲಿನ (ಕಬ್ಬಿಣ ತುಂಬಿದ ಕೆಂಪು ಜಂಬಿಟ್ಟಿಗೆ ಕಲ್ಲು) ಊರುಗಳಲ್ಲಿ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಹೊಳಪು ಕಂಡರೆ ಅದು ಇಂಧನವೇ ಆಗಿರಬೇಕೆಂದಿಲ್ಲ. ಕಬ್ಬಿಣದ ಬ್ಯಾಕ್ಟೀರಿಯಾಗಳೂ ಅಂಥದ್ದೇ ಪೊರೆ ಕಟ್ಟುತ್ತವೆ. ಉದ್ದನೆಯ ಕೋಲಿನಿಂದ ಕಲಕಿ ನೋಡಿ. ಕಬ್ಬಿಣದ ಪೊರೆ ಒಡೆದ ಗಾಜಿನಂತೆ ಚೂರುಚೂರಾಗಿ ಬೇರೆ ನಿಲ್ಲುತ್ತದೆ. ಇಂಧನದ ಪೊರೆ ಸುಳಿಯಾಗಿ ತಿರುಗಿ ಮತ್ತೆ ಕೂಡಿಕೊಳ್ಳುತ್ತದೆ. ಇದು ಮೊದಲ ಸುಳಿವು ಮಾತ್ರ, ಪ್ರಯೋಗಾಲಯದ ವರದಿ ಬರುವವರೆಗೆ ನೀರು ಬಳಸಬೇಡಿ.

ಪೆಟ್ರೋಲ್ ಮತ್ತು ಡೀಸೆಲ್ ಬೇರೆ ಬೇರೆ ರೀತಿ ವರ್ತಿಸುತ್ತವೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲ್ಯೂಯೀನ್, ಈಥೈಲ್‌ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು ವಸ್ತುಗಳು ನೀರಿನಲ್ಲಿ ಸುಲಭವಾಗಿ ಕರಗಿ ದೂರ ಸಾಗುತ್ತವೆ, ಸೂಕ್ಷ್ಮಾಣುಗಳಿಗೂ ಬೇಗ ಒಗ್ಗುತ್ತವೆ. ಡೀಸೆಲ್ ಹೆಚ್ಚು ಕರಗದು, ಮಣ್ಣಿಗೆ ಅಂಟಿಕೊಂಡು ನಿಧಾನವಾಗಿ ಕಾಡುತ್ತದೆ. ಈಗ ಇನ್ನೊಂದು ತೊಡಕು ಸೇರಿದೆ. ಬಂಕ್‌ಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ಎಥೆನಾಲ್ ಬಲು ಇಷ್ಟ. ಇರುವ ಆಮ್ಲಜನಕವನ್ನೆಲ್ಲ ಅದಕ್ಕೇ ಖರ್ಚು ಮಾಡಿ ಬೆಂಜೀನನ್ನು ಹಾಗೇ ಬಿಡುತ್ತವೆ, ಅದು ಇನ್ನಷ್ಟು ದೂರ ಹರಿಯುತ್ತದೆ. ಎಥೆನಾಲ್ ಕೊಳೆತ ಜಾಗದಲ್ಲಿ ಮೀಥೇನ್ ಅನಿಲವೂ ಹುಟ್ಟುತ್ತದೆ. ಹೊಸ ಸೋರಿಕೆಯಾದರೆ ಹತ್ತು ವರ್ಷ ಹಿಂದಿನ ಅನುಭವವನ್ನು ಹಾಗೆಯೇ ನೆಚ್ಚಬೇಡಿ; ಹೆಚ್ಚು ಆಮ್ಲಜನಕವೂ ಹೆಚ್ಚು ಎಚ್ಚರವೂ ಬೇಕು.

ಸೋರಿಕೆ ನಿಲ್ಲಿಸಿ, ತೇಲುವುದನ್ನು ತೆಗೆಯಿರಿ

ಸೋರುವ ಟ್ಯಾಂಕ್ ಸೋರುತ್ತಲೇ ಇದ್ದರೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ. ಟ್ಯಾಂಕಿನ ಅಳತೆಕೋಲಿನ ದಿನವಹಿ ಲೆಕ್ಕವನ್ನೂ ಮಾರಾಟದ ಲೆಕ್ಕವನ್ನೂ ತಾಳೆ ನೋಡಿ, ಟ್ಯಾಂಕ್ ಮತ್ತು ಪೈಪುಗಳ ಒತ್ತಡ ಪರೀಕ್ಷೆ ಮಾಡಿಸಿ. ಟ್ಯಾಂಕ್ ಚೆನ್ನಾಗಿದ್ದು ಅದರಿಂದ ವಿತರಣಾ ಯಂತ್ರದವರೆಗಿನ ಪೈಪಿನ ಜೋಡಣೆಯಲ್ಲಿ ಸೋರುವುದುಂಟು. ಆದ್ದರಿಂದ ಟ್ಯಾಂಕನ್ನಷ್ಟೇ ಪರೀಕ್ಷಿಸಿ ಸುಮ್ಮನಾಗಬೇಡಿ.

ಪೆಟ್ರೋಲೂ ಡೀಸೆಲೂ ನೀರಿಗಿಂತ ಹಗುರ, ಹಾಗಾಗಿ ಅಂತರ್ಜಲದ ಮೇಲೆ ತೇಲುತ್ತವೆ. ಈ ತೇಲುವ ಪದರವನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಗಳಿಗೆ ಆಗದು, ಅವು ಬದುಕುವುದು ನೀರಿನಲ್ಲಿ. ಪದರವನ್ನು ಮೇಲ್ಮೈಯಿಂದ ಕೆನೆಯಂತೆ ಸೆಳೆಯುವ ಸ್ಕಿಮ್ಮರ್ ಸಾಧನದಿಂದ ಮೊದಲೇ ತೆಗೆಯಬೇಕು. ಪಂಪು ಕಿಡಿ ಹಾರಿಸದ, ಸ್ಫೋಟನಿರೋಧಕ ಮಾದರಿಯದ್ದಾಗಿರಬೇಕು. ತೆಗೆದ ಇಂಧನವನ್ನು ತೋಡಿಗೋ (ಸಣ್ಣ ಹಳ್ಳಕ್ಕೋ) ಗುಂಡಿಗೋ ಸುರಿಯುವಂತಿಲ್ಲ. ಅದು ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವವರಿಗೇ ಒಪ್ಪಿಸಬೇಕು.

ನನ್ನನ್ನು ಮೋಸಗೊಳಿಸಿದ್ದು ಇದೇ ಪದರ. ಬೇಸಿಗೆಯಲ್ಲಿ ನೀರು ಹಲವು ಮೀಟರ್ ಇಳಿಯುತ್ತದೆ, ಇಂಧನವೂ ಅದರೊಂದಿಗೆ ಇಳಿದು ದಾರಿಯುದ್ದಕ್ಕೂ ಮಣ್ಣಿಗೆ ಬಳಿದುಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಆ ಬಳಿದ ಇಂಧನ ನೀರಿನಡಿಯಲ್ಲಿ ಹನಿಹನಿಯಾಗಿ ಸಿಕ್ಕಿಬೀಳುತ್ತದೆ. ಬಾವಿಯಲ್ಲಿ ತೇಲುವುದು ಮಾಯವಾಗುತ್ತದೆ. ಇತ್ತ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆಯ ನೀರು ಕರಗಿದ ಅಂಶವನ್ನೂ ತೆಳುವಾಗಿಸುತ್ತದೆ. ಮಾಲಿನ್ಯ ಹೋಗಿರುವುದಿಲ್ಲ, ಗೋಡೆಯೊಳಗೆ ಅವಿತಿರುತ್ತದೆ. ಈ ಬಳಿದುಕೊಂಡ ಪಟ್ಟಿಯನ್ನೇ ನಾವು ಶುದ್ಧಗೊಳಿಸಬೇಕಾಗಿರುವುದು. ಬಾವಿಯ ನೀರಷ್ಟನ್ನೇ ಅಲ್ಲ.

ನೆಲವನ್ನು ಓದುವುದು

ಮೇಲೆ ತೂತುತೂತಾದ ಮುರಕಲ್ಲು, ಅದರಡಿ ಶೇಡಿ ಮಣ್ಣು ಎಂಬ ನುಣುಪಾದ ಜೇಡಿ, ಇನ್ನೂ ಕೆಳಗೆ ಶಿಥಿಲಗೊಂಡ ಕಲ್ಲು, ಆಮೇಲೆ ಗಟ್ಟಿ ಬಂಡೆ. ಮಂಗಳೂರು, ಉಡುಪಿಯ ಬಹುತೇಕ ಎತ್ತರದ ಜಾಗಗಳ ರಚನೆ ಇದು. ಮುರಕಲ್ಲಿನ ಬಿಲಗಳಲ್ಲಿ ನೀರು ಓಡುತ್ತದೆ, ಶೇಡಿ ಮಣ್ಣಿನಲ್ಲಿ ತೆವಳುತ್ತದೆ. ಸುರತ್ಕಲ್, ಮಲ್ಪೆಯಂಥ ಕಡಲಂಚಿನಲ್ಲಿ ಮರಳಿನ ಪದರ ಸಿಗುತ್ತದೆ. ಅಲ್ಲಿ ಕೆಲಸ ಸುಲಭ, ಆದರೆ ಹೆಚ್ಚು ನೀರೆತ್ತಿದರೆ ಉಪ್ಪುನೀರು ಒಳಗೆ ನುಗ್ಗುತ್ತದೆ.

ನೀರು ಯಾವ ದಿಕ್ಕಿಗೆ ಹರಿಯುತ್ತದೆ ಎಂಬುದಕ್ಕೆ ನಮ್ಮ ಹಿರಿಯರ ನೆಲದ ಹೆಸರುಗಳೇ ಮೊದಲ ನಕ್ಷೆ: ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು. ಹೆದ್ದಾರಿಯೂ ಬಂಕೂ ಬೆಟ್ಟಿನಲ್ಲಿದ್ದರೆ ಮಜಲಿನ ಬಾವಿಗಳಿಗೆ ಮೊದಲು ಅಪಾಯ, ಬೈಲಿನ ತೋಡಿಗೆ ಕೊನೆಗೆ. ಇದನ್ನು ಅಳತೆಯಿಂದ ಖಚಿತ ಮಾಡಿಕೊಳ್ಳಿ. ಒಂದೇ ಗೆರೆಯಲ್ಲಿಲ್ಲದ ಕನಿಷ್ಠ ಮೂರು ಬಾವಿಗಳ ಕಟ್ಟೆಯ ಎತ್ತರವನ್ನು ಸರ್ವೆ ಉಪಕರಣದಿಂದ ಗುರುತಿಸಿ. ಜಾಗ ಚಿಕ್ಕದಾದರೆ ಮೇಸ್ತ್ರಿಗಳು ಬಳಸುವ ನೀರಿನ ಲೆವೆಲ್ ಪೈಪೂ ಸಾಕು. ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಒಂದೇ ಬೆಳಿಗ್ಗೆ, ಯಾರೂ ಪಂಪು ಹಾಕುವ ಮುನ್ನ ಅಳೆಯಿರಿ. ನೀರಿನ ಮಟ್ಟ ಎಲ್ಲಿ ಕಡಿಮೆಯೋ ಅತ್ತ ಹರಿವು. ಇದನ್ನು ಮೇ ಮತ್ತು ಆಗಸ್ಟ್ ಎರಡರಲ್ಲೂ ಮಾಡಿ, ದಿಕ್ಕು ಬದಲಾಗುವುದುಂಟು. ಪಕ್ಕದ ತೋಟದವರು ಅಡಿಕೆಗೆ ದಿನವಿಡೀ ನೀರೆತ್ತುತ್ತಿದ್ದರೆ ಮಾಲಿನ್ಯ ಅತ್ತಲೇ ಎಳೆಯಲ್ಪಡುತ್ತದೆ. ಅವರೊಂದಿಗೆ ಕೂತು ಮಾತಾಡಿ ಪಂಪಿನ ಹೊತ್ತನ್ನು ಕಡಿಮೆ ಮಾಡಿಸಿಕೊಳ್ಳುವುದೂ ಶುದ್ಧೀಕರಣದ ಭಾಗವೇ.

ಇದಾದ ಮೇಲೆ ವೀಕ್ಷಣಾ ಕೊಳವೆಗಳು: ಒಂದು ಸೋರಿಕೆಯ ಮೇಲ್ಭಾಗದಲ್ಲಿ (ನೀರು ಹರಿದು ಬರುವ ಕಡೆ), ಒಂದೆರಡು ಮಾಲಿನ್ಯದ ನಡುವೆ, ಒಂದೆರಡು ಕೆಳಭಾಗದಲ್ಲಿ (ನೀರು ಹರಿದು ಹೋಗುವ ಕಡೆ), ಮತ್ತೊಂದು ಇನ್ನೂ ಮಾಲಿನ್ಯ ತಲುಪದ ಮನೆಬಾವಿಗಳ ಮುಂದೆ ಕಾವಲಿಗೆ. ಕೊಳವೆಯ ಸೀಳುಗಳಿರುವ ಭಾಗ ಮೇ ತಿಂಗಳ ಮಟ್ಟಕ್ಕಿಂತ ಒಂದೆರಡು ಮೀಟರ್ ಕೆಳಗಿನಿಂದ ಆಗಸ್ಟ್‌ನ ಮಟ್ಟಕ್ಕಿಂತ ಸ್ವಲ್ಪ ಮೇಲಿನವರೆಗೂ ಇರಬೇಕು. ಹಾಗೆ ಮಾಡದಿದ್ದರೆ ಒಂದು ಋತುವಿನಲ್ಲಿ ಕೊಳವೆ ಬತ್ತುತ್ತದೆ, ಇನ್ನೊಂದರಲ್ಲಿ ತೇಲುವ ಪದರ ಕಾಣದೆ ಹೋಗುತ್ತದೆ. ಉದ್ದ ಸೀಳಿನ ಕೊಳವೆಯಲ್ಲಿ ಮಾದರಿ ತೆಳುವಾಗುವ ದೋಷವಿದೆ. ಹಣವಿದ್ದರೆ ಒಂದೇ ಜಾಗದಲ್ಲಿ ಎರಡು ಆಳದ ಕೊಳವೆ ಹಾಕಿಸಿ. ಮೇಲಿನ ಒಂದು ಮೀಟರನ್ನು ಬೆಂಟೊನೈಟ್ ಜೇಡಿಯಿಂದ ಮುಚ್ಚಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅಂಗಳದ ಮಳೆನೀರು ನೇರ ಒಳಗಿಳಿಯುತ್ತದೆ.

ಮಾದರಿ ತೆಗೆಯುವ ಕ್ರಮ

ಕೊಡಪಾನದಲ್ಲಿ ಸೇದಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಕಳುಹಿಸಿದ ನೀರಿನಲ್ಲಿ ಬೆಂಜೀನ್ ಸಿಗದಿದ್ದರೆ ಅಚ್ಚರಿಯಿಲ್ಲ, ದಾರಿಯಲ್ಲೇ ಆವಿಯಾಗಿರುತ್ತದೆ. 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ಗಾಳಿಗುಳ್ಳೆ ಉಳಿಯದಂತೆ ತುಂಬಿ, ಆಮ್ಲ ಹಾಕಿ, ಮಂಜುಗಡ್ಡೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಕಳುಹಿಸಬೇಕು. 14 ದಿನದೊಳಗೆ ಪರೀಕ್ಷೆ ಆಗಬೇಕು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಆ ನಾಲ್ಕು ವಸ್ತುಗಳನ್ನೂ ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಪ್ರಮಾಣವನ್ನೂ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿ ಇದೆ. ಬೆಂಜೀನಿನ ಸಂಖ್ಯೆಯನ್ನು ನೋಡದೆ ಅದೊಂದನ್ನೇ ನೋಡಿ ತೃಪ್ತರಾಗಬೇಡಿ.

ಸ್ಥಳದಲ್ಲೇ ಅಳೆಯಬೇಕಾದವು ಕರಗಿದ ಆಮ್ಲಜನಕ, ಪಿಎಚ್ (ಹುಳಿ-ಕ್ಷಾರದ ಅಳತೆ), ನೈಟ್ರೇಟ್, ಕರಗಿದ ಕಬ್ಬಿಣ, ಸಲ್ಫೇಟ್. ಬ್ಯಾಕ್ಟೀರಿಯಾಗಳು ಈಗಾಗಲೇ ದುಡಿಯುತ್ತಿವೆಯೇ ಎಂದು ಇವು ಹೇಳುತ್ತವೆ. ಅವು ಮೊದಲು ಆಮ್ಲಜನಕ ಬಳಸುತ್ತವೆ, ಅದು ಮುಗಿದರೆ ನೈಟ್ರೇಟ್, ಮತ್ತೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡ್, ಆಮೇಲೆ ಸಲ್ಫೇಟ್, ಕೊನೆಗೆ ಮೀಥೇನ್ ಹುಟ್ಟಿಸುವ ದಾರಿ. ಮುರಕಲ್ಲಿನ ಕೆಂಪೇ ಕಬ್ಬಿಣದ ಆಕ್ಸೈಡ್. ಜಿಯೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಈ ಕಬ್ಬಿಣವನ್ನು ಉಸಿರಾಟಕ್ಕೆ ಬಳಸಿ ಟಾಲ್ಯೂಯೀನನ್ನು ಒಡೆಯಬಲ್ಲದು. ಆದ್ದರಿಂದ ಮಾಲಿನ್ಯದ ನಡುವಿನ ಕೊಳವೆಯಲ್ಲಿ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ, ಮೇಲ್ಭಾಗದ ಕೊಳವೆಗಿಂತ ಕರಗಿದ ಕಬ್ಬಿಣ ಹೆಚ್ಚು, ನೈಟ್ರೇಟ್ ಇಲ್ಲವೆಂದು ಕಂಡರೆ ಸಂತೋಷಪಡಿ: ಜೀವಿಗಳು ಇವೆ, ಉಸಿರಿಗಾಗಿ ಒದ್ದಾಡುತ್ತಿವೆ.

ಎಷ್ಟು ಆಮ್ಲಜನಕ ಬೇಕು?

ಈ ಲೆಕ್ಕವನ್ನು ಕಾಗದದ ಮೇಲೆ ಮಾಡದೆ ಯಾವ ಗುತ್ತಿಗೆದಾರರ ದರಪಟ್ಟಿಗೂ ಸಹಿ ಹಾಕಬೇಡಿ. ಒಂದು ಗ್ರಾಂ ಬೆಂಜೀನ್ ಪೂರ್ತಿ ಒಡೆಯಲು ಸುಮಾರು 3.1 ಗ್ರಾಂ ಆಮ್ಲಜನಕ ಬೇಕು; ಪೆಟ್ರೋಲಿನ ಇತರ ಅಂಶಗಳೂ ಸೇರಿದರೆ 3.5 ಎಂದಿಟ್ಟುಕೊಳ್ಳಿ.

ಒಂದು ಉದಾಹರಣೆ. ಕಲುಷಿತ ಜಾಗ 30 ಮೀಟರ್ ಉದ್ದ, 15 ಅಗಲ, 3 ಮೀಟರ್ ದಪ್ಪ ಎನ್ನೋಣ. 1,350 ಘನ ಮೀಟರ್ ಮಣ್ಣಿನಲ್ಲಿ ಶೇ 30 ಪೊಳ್ಳು ಜಾಗವಿದ್ದರೆ ನೀರು 405 ಘನ ಮೀಟರ್. ಲೀಟರಿಗೆ 4 ಮಿಲಿಗ್ರಾಂನಂತೆ ಅದರಲ್ಲಿ ಕರಗಿರುವುದು ಬರೀ 1.6 ಕಿಲೋ. ಇಷ್ಟೇ ಎಂದು ಹಲವರು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಮಣ್ಣಿಗೆ ಬಳಿದುಕೊಂಡ ಇಂಧನ 200 ಲೀಟರ್, ಅಂದರೆ 150 ಕಿಲೋ ಇದ್ದರೆ? ಆಗ ಬೇಕಾದ ಆಮ್ಲಜನಕ 500 ಕಿಲೋಗಿಂತ ಹೆಚ್ಚು. 28 ಡಿಗ್ರಿಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಕರಗದು. ಗಾಳಿ ತುಂಬಿದ ನೀರನ್ನೇ ಒಳಗೆ ಬಿಡುತ್ತೇನೆಂದು ಹೊರಟರೆ 60,000 ಘನ ಮೀಟರ್ ನೀರು ಬೇಕಾಗುತ್ತದೆ. ಅದು ಆಗದ ಮಾತು. ಒಂದು ಘನ ಮೀಟರ್ ಗಾಳಿಯಲ್ಲಾದರೋ ಸುಮಾರು 270 ಗ್ರಾಂ ಆಮ್ಲಜನಕವಿದೆ. ತೂರಿದ ಗಾಳಿಯಲ್ಲಿ ಶೇ 5 ಮಾತ್ರ ಬಳಕೆಯಾದರೂ 37,000 ಘನ ಮೀಟರ್ ಗಾಳಿ ಸಾಕು. ನಾಲ್ಕು ಕೊಳವೆಗಳಲ್ಲಿ ನಿಮಿಷಕ್ಕೆ ತಲಾ 100 ಲೀಟರ್, ದಿನಕ್ಕೆ 12 ಗಂಟೆ ನಡೆಸಿದರೆ ಸುಮಾರು 130 ದಿನಗಳ ಕೆಲಸ. ನಿಜದಲ್ಲಿ ಗಾಳಿ ಎಲ್ಲ ಕಡೆಗೂ ಸಮನಾಗಿ ತಲುಪದ್ದರಿಂದ ಇದರ ಎರಡು ಮೂರು ಪಟ್ಟು ಕಾಲ ಹಿಡಿಯುತ್ತದೆ.

ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬೇಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ನೆಲದ ಕಬ್ಬಿಣವನ್ನು ನೆನಪಿಸಿ. ಕಬ್ಬಿಣ ತಗುಲಿದ ಕೂಡಲೇ ಅದು ನೊರೆಯೆದ್ದು ಒಡೆದು ಹೋಗುತ್ತದೆ, ದೂರಕ್ಕೆ ತಲುಪುವುದೇ ಇಲ್ಲ. ನಿಧಾನವಾಗಿ ಆಮ್ಲಜನಕ ಬಿಡುವ ಮೆಗ್ನೀಸಿಯಂ ಅಥವಾ ಕ್ಯಾಲ್ಸಿಯಂ ಪೆರಾಕ್ಸೈಡ್ ಪುಡಿ, ಅಂಚಿನ ತೆಳು ಮಾಲಿನ್ಯವನ್ನು ತಡೆಯುವ ಬೇಲಿಯಾಗಿ ಒಳ್ಳೆಯದು. ಮಧ್ಯದ ದಟ್ಟ ಭಾಗಕ್ಕೆ ಅದರ ಖರ್ಚು ತಾಳಲಾರದು.

ಗಾಳಿ ಕೊಡುವುದು: ಋತುವಿಗೊಂದು ದಾರಿ

ಇಲ್ಲಿ ಕರಾವಳಿಯ ಹವಾಮಾನವನ್ನು ಶತ್ರುವೆಂದು ನೋಡದೆ ಕೆಲಸಕ್ಕೆ ಹಚ್ಚಬಹುದು.

ಡಿಸೆಂಬರಿನಿಂದ ಪತ್ತನಾಜೆಯವರೆಗೆ (ಮೇ ಕೊನೆಯ ವಾರದ ತುಳುನಾಡಿನ ದಿನ) ನೀರು ಇಳಿಯುತ್ತಾ, ಇಂಧನ ಬಳಿದುಕೊಂಡ ಪಟ್ಟಿ ಒಣ ನೆಲದಲ್ಲಿ ತೆರೆದುಕೊಳ್ಳುತ್ತದೆ. ಆಗ ಆ ಪಟ್ಟಿಯಲ್ಲಿ ಸೀಳು ಕೊಳವೆ ಇಟ್ಟು ಸಣ್ಣ ಬ್ಲೋವರಿನಿಂದ ಮೆಲ್ಲಗೆ ಗಾಳಿ ಹಾಯಿಸಿ. ಇದಕ್ಕೆ ಬಯೋವೆಂಟಿಂಗ್ ಎನ್ನುತ್ತಾರೆ. ಇಡೀ ವರ್ಷದಲ್ಲಿ ಅತಿ ಹೆಚ್ಚು ಕೆಲಸ ನಡೆಯುವುದು ಈ ತಿಂಗಳುಗಳಲ್ಲೇ. ಮಣ್ಣಿನೊಳಗಿನ ಗಾಳಿಯಲ್ಲಿ ಆಮ್ಲಜನಕ ಶೇ 5ಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ಸಾಕು. ಜೋರಾಗಿ ಊದಿದರೆ ಇಂಧನ ಒಡೆಯದೆ ಆವಿಯಾಗಿ ಮನೆಗಳತ್ತ ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಮುರಕಲ್ಲು ತೀರಾ ಒಣಗಿದರೆ ಬ್ಯಾಕ್ಟೀರಿಯಾಗಳೂ ನಿದ್ರೆಗೆ ಜಾರುತ್ತವೆ, ವಾರಕ್ಕೊಮ್ಮೆ ಶುದ್ಧ ನೀರು ಹನಿಸಿ. ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು ಬ್ಲೋವರ್ ನಿಲ್ಲಿಸಿ, ಕೊಳವೆಯ ಗಾಳಿಯಲ್ಲಿ ಆಮ್ಲಜನಕವನ್ನು ದಿನಕ್ಕೆರಡು ಬಾರಿ ಅಳೆಯಿರಿ. ಶೇ 20ರಿಂದ ದಿನದಿನಕ್ಕೆ ಕುಸಿಯುತ್ತಿದ್ದರೆ ಜೀವಿಗಳು ಉಸಿರಾಡುತ್ತಿವೆ. ಮಾಲಿನ್ಯವಿಲ್ಲದ ಜಾಗದ ಕೊಳವೆಯಲ್ಲೂ ಅದೇ ಅಳತೆ ಮಾಡಿ ಹೋಲಿಸಿ. ಅಲ್ಲೂ ಅಷ್ಟೇ ಕುಸಿದರೆ ಅದು ಮಣ್ಣಿನ ಸಹಜ ಉಸಿರು.

ಜೂನಿನಿಂದ ನವೆಂಬರಿನವರೆಗೆ ಅದೇ ಪಟ್ಟಿ ನೀರಿನಡಿಗೆ ಹೋಗುತ್ತದೆ. ಆಗ ಬಯೋಸ್ಪಾರ್ಜಿಂಗ್: ನೀರಿನ ಮಟ್ಟಕ್ಕಿಂತ ಕೆಳಗೆ ಸಣ್ಣ ಗುಳ್ಳೆಗಳಾಗಿ ಗಾಳಿ ಬಿಡುವುದು. ಗಾಳಿ ಹೊರಡುವ ತುದಿ ಮೇ ತಿಂಗಳ ನೀರಿನ ಮಟ್ಟಕ್ಕಿಂತ ಸುಮಾರು ಒಂದೂವರೆ ಎರಡು ಮೀಟರ್ ಆಳದಲ್ಲಿರಲಿ, ಆದರೆ ಶೇಡಿ ಮಣ್ಣಿನೊಳಗೆ ಹೂತುಹೋಗದಿರಲಿ. ಶೇಡಿಯಲ್ಲಿ ಗಾಳಿ ಹೊರಡುವುದಿಲ್ಲ. ಮೇಲಿನ ನೀರಿನ ಪ್ರತಿ ಮೀಟರಿಗೆ ಚದರ ಸೆಂಟಿಮೀಟರಿಗೆ 0.1 ಕಿಲೋದಷ್ಟು ಒತ್ತಡ ಬೇಕು. ಆದ್ದರಿಂದ ಮೇ ತಿಂಗಳಲ್ಲಿ ಸಾಕಾಗುವ ಕಂಪ್ರೆಸರ್ ಆಗಸ್ಟ್‌ನಲ್ಲಿ ಸಾಕಾಗದು, ಮಳೆಗಾಲದ ಅಳತೆಗೇ ಕೊಳ್ಳಿ. ಒತ್ತಡ ಅತಿಯಾದರೆ ನೆಲ ಸೀಳಿ ಗಾಳಿ ಒಂದೇ ಬಿರುಕಿನಲ್ಲಿ ಹೊರಟುಹೋಗುತ್ತದೆ. ಕಂಪ್ರೆಸರ್ ಎಣ್ಣೆರಹಿತ ಮಾದರಿಯದ್ದಾಗಿರಲಿ. ಶುದ್ಧಗೊಳಿಸಲು ಹೊರಟವರೇ ನೆಲಕ್ಕೆ ಎಣ್ಣೆ ತೂರಿದಂತಾಗಬಾರದು.

ಮುರಕಲ್ಲಿನಲ್ಲಿ ಗಾಳಿ ಬಿಲ ಹಿಡಿದು ಓಡುವ ಸ್ವಭಾವ ತುಂಬ. ಹತ್ತು ಕೊಳವೆ ಒಮ್ಮೆಗೇ ಹಾಕಿಸದೆ ಒಂದನ್ನು ಹಾಕಿ ಪ್ರಯೋಗ ನೋಡಿ. ಸುತ್ತಲ ಕೊಳವೆಗಳಲ್ಲಿ ಕರಗಿದ ಆಮ್ಲಜನಕ ಎಷ್ಟು ದೂರದವರೆಗೆ ಏರಿತು ಎಂಬುದೇ ಮುಂದಿನ ಕೊಳವೆಗಳ ಅಂತರ ನಿರ್ಧರಿಸುತ್ತದೆ. ದೂರದ ಬಾವಿಯಲ್ಲಿ ಗುಳ್ಳೆ ಎದ್ದು ಹತ್ತಿರದ್ದರಲ್ಲಿ ಏನೂ ಆಗದಿದ್ದರೆ ಬಿಲ ಸಿಕ್ಕಿದೆ ಎಂದರ್ಥ, ಜಾಗ ಬದಲಿಸಿ. ಗಾಳಿಯನ್ನು ಸತತವಾಗಿ ಬಿಡದೆ ಕೆಲವು ಗಂಟೆ ಬಿಟ್ಟು, ಕೆಲವು ಗಂಟೆ ನಿಲ್ಲಿಸಿದರೆ ದಾರಿಗಳು ಕದಲಿ ಹೆಚ್ಚು ಜಾಗ ತಲುಪುತ್ತದೆ. ಅಂತರ ಏಳು ಎಂಟು ಮೀಟರ್ ಇರಲೇಬೇಕೆಂಬ ಸಿದ್ಧಸೂತ್ರವನ್ನು ಇಲ್ಲಿ ನಂಬಬೇಡಿ.

ತೇಲುವ ಪದರ ಉಳಿದಿರುವಾಗ, ಅಥವಾ ಹತ್ತಿರದಲ್ಲಿ ನೆಲಮಾಳಿಗೆ ಇದ್ದಾಗ ಗಾಳಿ ತೂರಬಾರದು. ಆವಿ ಅಲ್ಲಿ ಹೋಗಿ ಕೂರುತ್ತದೆ. ಮೊದಲು ಆವಿಯನ್ನು ಹೀರಿ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸುವ ವ್ಯವಸ್ಥೆ ಬೇಕು. ಪಕ್ಕದ ಮನೆಗಳ ತಳಮಟ್ಟದಲ್ಲಿ ಆವಿ ಪತ್ತೆಯ ಉಪಕರಣವನ್ನು ಇಟ್ಟೇ ಕಂಪ್ರೆಸರ್ ಚಾಲೂ ಮಾಡಿ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಗುಡುಗು ಸಿಡಿಲಿಗೆ ಯಂತ್ರದ ಅರ್ಥಿಂಗ್ ಗಟ್ಟಿಯಾಗಿರಲಿ.

ಗೊಬ್ಬರ, ಸುಣ್ಣ, ಸಗಣಿ

ಇಂಗಾಲ 100 ಭಾಗಕ್ಕೆ ಸಾರಜನಕ 10, ರಂಜಕ 1 ಎಂಬುದು ಸಾಮಾನ್ಯ ಅಳತೆ. ಮೇಲಿನ ಉದಾಹರಣೆಯ 150 ಕಿಲೋ ಇಂಧನದಲ್ಲಿ ಇಂಗಾಲ ಸುಮಾರು 127 ಕಿಲೋ. ಅದರ ಪ್ರಕಾರ ಸಾರಜನಕ 12.7 ಕಿಲೋ, ಅಂದರೆ 27–28 ಕಿಲೋ ಯೂರಿಯಾ. ಇದು ಗರಿಷ್ಠ ಮಿತಿ. ಸತ್ತ ಜೀವಿಗಳ ಪೋಷಕಾಂಶ ಮತ್ತೆ ಬಳಕೆಯಾಗುವುದರಿಂದ ಮೂರನೇ ಒಂದು ಭಾಗದಿಂದ ಆರಂಭಿಸಿ, ಸ್ವಲ್ಪ ಸ್ವಲ್ಪವಾಗಿ ಕೊಡಿ. ಹೆಚ್ಚಾದ ಸಾರಜನಕ ನೈಟ್ರೇಟ್ ಆಗಿ ನೆರೆಯ ಬಾವಿಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಅದಕ್ಕೆ ಲೀಟರಿಗೆ 45 ಮಿಲಿಗ್ರಾಂ ಮಿತಿ ಇದೆ. ಒಂದು ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು ನಾಲ್ಕೂವರೆ ಗ್ರಾಂ ಆಮ್ಲಜನಕವನ್ನೂ ನುಂಗುತ್ತದೆ. ರಂಜಕದ ಕಥೆ ಕೃಷಿಕರಿಗೆ ಗೊತ್ತು: ಕೆಂಪು ಮಣ್ಣು ಅದನ್ನು ಹಿಡಿದಿಟ್ಟುಕೊಂಡುಬಿಡುತ್ತದೆ. ರಂಜಕದ ಗೊಬ್ಬರ ಡಿಎಪಿಯನ್ನು ಕರಗಿಸಿ ಬಿಟ್ಟರೆ ಕೊಳವೆಯ ಬುಡದಲ್ಲೇ ನಿಲ್ಲುತ್ತದೆ. ಕೊಳವೆಗಳ ಸಂಖ್ಯೆ ಹೆಚ್ಚಿಸಿ ಕಡಿಮೆ ಪ್ರಮಾಣ ಕೊಡುವುದು, ಇಲ್ಲವೇ ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂಬ ಬೇರೆ ರಂಜಕ ಲವಣ ಬಳಸುವುದು ಉಪಾಯ.

ನಮ್ಮ ಮುರಕಲ್ಲಿನ ನೀರು ಸ್ವಲ್ಪ ಹುಳಿ, ಪಿಎಚ್ 6ಕ್ಕಿಂತ ಕೆಳಗಿರುವ ಬಾವಿಗಳು ಸಾಕಷ್ಟಿವೆ. ಬ್ಯಾಕ್ಟೀರಿಯಾಗಳಿಗೆ 6ರಿಂದ 8 ಹಿತ. ಅಡುಗೆ ಸೋಡಾದ ದ್ರಾವಣದಿಂದ ಮೆಲ್ಲಗೆ ಏರಿಸಿ. ಸುಣ್ಣ ಸುರಿದರೆ ಒಮ್ಮೆಗೇ ಏರಿ ಜೀವಿಗಳು ಸಾಯುತ್ತವೆ.

ಸುರಿಯಬಾರದವು ಇನ್ನೆರಡು. ಮಳೆಗಾಲದಲ್ಲಿ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪೌಡರ್ ಈ ಬಾವಿಗೆ ಬೇಡ. ನಾವು ಸಾಕುತ್ತಿರುವ ಜೀವಿಗಳನ್ನೇ ಅದು ಕೊಲ್ಲುತ್ತದೆ, ಇಂಧನದೊಂದಿಗೆ ಸೇರಿ ಕ್ಲೋರಿನ್‌ಯುಕ್ತ ಹೊಸ ವಿಷಗಳನ್ನೂ ಮಾಡಬಹುದು. ಆರೋಗ್ಯ ಕಾರ್ಯಕರ್ತೆಯರಿಗೆ ಮೊದಲೇ ತಿಳಿಸಿಡಿ. ಎರಡನೆಯದು ಸಗಣಿ, ಜೀವಾಮೃತ. ಹೊಲಕ್ಕೆ ಒಳ್ಳೆಯದೆಂದು ಪ್ರೀತಿಯಿಂದ ತಂದು ಸುರಿದವರನ್ನು ನೋಡಿದ್ದೇನೆ. ಅದು ಇರುವ ಆಮ್ಲಜನಕವನ್ನೂ ತಿಂದು, ಹೊಟ್ಟೆ ಕೆಡಿಸುವ ರೋಗಾಣುಗಳನ್ನು ನೀರಿಗೆ ಸೇರಿಸುತ್ತದೆ. ಇಂಧನ ತಿನ್ನುವ ಬ್ಯಾಕ್ಟೀರಿಯಾ ಪುಡಿ ಮಾರುವವರು ಬಂದರೆ ಒಂದು ಪ್ರಶ್ನೆ ಕೇಳಿ: ನಿಮ್ಮ ಪುಡಿ ಹಾಕದೆ ಬರೀ ಗಾಳಿ ಕೊಟ್ಟ ಜಾಡಿಯ ಫಲಿತಾಂಶ ಎಲ್ಲಿದೆ? ಅದನ್ನು ನೀವೇ ಮಾಡಿಸಬಹುದು. ಸ್ಥಳದ ಮಣ್ಣು ಮತ್ತು ನೀರನ್ನು ನಾಲ್ಕು ಬಗೆಯ ಜಾಡಿಗಳಲ್ಲಿಡಿ: ಜೀವಿಗಳನ್ನು ಕೊಂದದ್ದು, ಬರೀ ಗಾಳಿ ಕೊಟ್ಟದ್ದು, ಗಾಳಿ ಮತ್ತು ಗೊಬ್ಬರ, ಗಾಳಿ ಗೊಬ್ಬರದ ಜೊತೆ ಪುಡಿ. ಆರು ವಾರಗಳಲ್ಲಿ ಉತ್ತರ ಸಿಗುತ್ತದೆ. ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ)ಯಂಥ ಸಂಸ್ಥೆಗಳ ನೀರು ಮತ್ತು ಪರಿಸರ ವಿಭಾಗದವರನ್ನು ಈ ಹಂತದಲ್ಲಿ ಜೊತೆಗೂಡಿಸಿಕೊಂಡರೆ ವರದಿಗೆ ತೂಕ ಬರುತ್ತದೆ. ನೆಲದೊಳಗೆ ಏನನ್ನೇ ಬಿಡುವ ಮುನ್ನ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು.

ಅಳೆಯುವುದು, ನಿಲ್ಲಿಸುವುದು

ಮೊದಲ ವರ್ಷ ಸ್ಥಳದ ಅಳತೆಗಳು ವಾರಕ್ಕೊಮ್ಮೆ, ಪ್ರಯೋಗಾಲಯದ ಪರೀಕ್ಷೆ ಎರಡು ತಿಂಗಳಿಗೊಮ್ಮೆ. ಪ್ರತಿ ಸಂಖ್ಯೆಯ ಪಕ್ಕ ಆ ದಿನದ ನೀರಿನ ಮಟ್ಟವನ್ನು ಬರೆಯಲೇಬೇಕು. ಮೇ ತಿಂಗಳ ಫಲಿತಾಂಶವನ್ನು ಹಿಂದಿನ ಮೇ ತಿಂಗಳಿನೊಂದಿಗೆ, ಆಗಸ್ಟ್‌ನದನ್ನು ಆಗಸ್ಟ್‌ನೊಂದಿಗೆ ಮಾತ್ರ ಹೋಲಿಸಿ. ಮೇ ತಿಂಗಳಲ್ಲಿ 2 ಮಿಲಿಗ್ರಾಂ ಇದ್ದದ್ದು ಆಗಸ್ಟ್‌ನಲ್ಲಿ 0.2ಕ್ಕೆ ಇಳಿಯಿತೆಂದು ವರದಿ ಬರೆದು ಬಿಲ್ ಪಾಸು ಮಾಡಿಸಿಕೊಳ್ಳುವವರಿದ್ದಾರೆ. ಅದು ಶುದ್ಧೀಕರಣವಲ್ಲ, ಮಳೆ. ಮಳೆ ತೆಳುವಾಗಿಸಿದೆಯೋ ಜೀವಿಗಳು ತಿಂದಿವೆಯೋ ಎಂದು ಬೇರ್ಪಡಿಸಲು ಕ್ಲೋರೈಡ್‌ನಂಥ, ಜೀವಿಗಳು ಮುಟ್ಟದ ಒಂದು ಅಂಶವನ್ನೂ ಅಳೆಯಿರಿ. ಕ್ಲೋರೈಡ್ ಅರ್ಧಕ್ಕಿಳಿದು ಬೆಂಜೀನೂ ಅರ್ಧಕ್ಕಿಳಿದರೆ ಅದು ತೆಳುವಾದದ್ದು ಅಷ್ಟೇ.

ಗಾಳಿ ಬಿಡಲು ಆರಂಭಿಸಿದ ಮೇಲೆ ಕಬ್ಬಿಣ ತುಕ್ಕಿನಂತೆ ಗಟ್ಟಿಯಾಗಿ ಕೊಳವೆಯ ಸೀಳುಗಳನ್ನು ಮುಚ್ಚುತ್ತದೆ. ಒತ್ತಡ ವಾರದಿಂದ ವಾರಕ್ಕೆ ಏರುತ್ತಿದ್ದರೆ ಇದೇ ಕಾರಣ. ಬ್ರಷ್ ಹಾಕಿ ತೊಳೆಸಿ. ದೀಪಾವಳಿಯ ಹೊತ್ತಿಗೊಮ್ಮೆ, ಮಳೆಗೆ ಮುಂಚೆ ಒಮ್ಮೆ ಇದಕ್ಕೆ ದಿನ ಗೊತ್ತು ಮಾಡಿ.

ಎಲ್ಲ ಕೊಳವೆಗಳಲ್ಲೂ ಬೆಂಜೀನ್ ಮಿತಿಯೊಳಗೆ ಬಂದರೆ ಯಂತ್ರಗಳನ್ನು ನಿಲ್ಲಿಸಿ, ಆದರೆ ಕಿತ್ತು ಕಳುಹಿಸಬೇಡಿ. ಶೇಡಿ ಮಣ್ಣಿನೊಳಗೆ ಉಳಿದದ್ದು ತಿಂಗಳುಗಳ ನಂತರ ಹೊರಬಂದು ಸಂಖ್ಯೆ ಮತ್ತೆ ಏರುವುದುಂಟು. ಯಂತ್ರ ನಿಂತ ಮೇಲೆ ಎರಡು ಮೇ ತಿಂಗಳುಗಳ ಫಲಿತಾಂಶ ಚೆನ್ನಾಗಿದ್ದರೆ ಮಾತ್ರ ಬಾವಿಯ ನೀರೆಲ್ಲ ತೆಗೆದು, ಅನಿಲ ಪತ್ತೆಯ ಉಪಕರಣದಿಂದ ಪರೀಕ್ಷಿಸಿದ ನಂತರ ಕೆಸರೆತ್ತಿಸಿ. ಹಳೆಯ ಹಗ್ಗ, ರಬ್ಬರ್ ಪೈಪು, ಪ್ಲಾಸ್ಟಿಕ್ ಕೊಡ ಇಂಧನವನ್ನು ಹೀರಿಕೊಂಡಿರುತ್ತವೆ, ಅವನ್ನು ಬದಲಿಸಿ. ಬ್ಲೀಚಿಂಗ್ ಪೌಡರ್ ಹಾಕುವುದು ಈಗ. ಅದರ ನಂತರ ರೋಗಾಣು ಪರೀಕ್ಷೆ, ಕೊನೆಯದಾಗಿ ಬೆಂಜೀನ್ ಪರೀಕ್ಷೆ.

ಆ ಹಿರಿಯಮ್ಮನ ಬಾವಿಗೆ ಇಷ್ಟೆಲ್ಲ ಆಗಲು ಮೂರು ಬೇಸಿಗೆ ಹಿಡಿಯಿತು. ಗಾಳಿ ಬಿಟ್ಟ ಕೊಳವೆಗಳನ್ನು ಸಿಮೆಂಟು, ಬೆಂಟೊನೈಟ್ ತುಂಬಿ ಮುಚ್ಚಿಸಿದೆವು; ತೆರೆದು ಬಿಟ್ಟರೆ ಅಂಗಳದ ಕೊಳೆ ನೀರಿಗೆ ಅವೇ ದಾರಿಯಾಗುತ್ತವೆ. ಬಂಕಿನ ಕಡೆಯ ಕಾವಲು ಕೊಳವೆಯೊಂದನ್ನು ಮಾತ್ರ ಬೀಗ ಹಾಕಿ ಉಳಿಸಿಕೊಂಡಿದ್ದೇವೆ. ಪತ್ತನಾಜೆಗೆ ಮುಂಚಿನ ವಾರ ಅದರ ಮಾದರಿ ತೆಗೆಯುವ ಕೆಲಸ ಈಗ ಅವರ ಮೊಮ್ಮಗಳದ್ದು. ಗಾಳಿಗುಳ್ಳೆ ಉಳಿಯದಂತೆ ಸೀಸೆ ತುಂಬುವುದನ್ನು ಅವಳು ನನಗಿಂತ ಚೆನ್ನಾಗಿ ಕಲಿತಿದ್ದಾಳೆ.